ಡಾಕ್ಟ್ರಮ್ಮ ಮತ್ತೆ ಡಾಕ್ಟರ್ ಆಗಿದ್ದು

"ಈಗ್ಲೇ ಎಲ್ರೂ ಡಾಕ್ಟ್ರಮ್ಮ ಅಂತಾರಲ್ಲ, ಇನ್ನೇನ್ ಡಾಕ್ಟರ್ ಆಗೋದು?"

ನಲವತ್ತನೇ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಸೇರುತ್ತೇನೆ ಅಂದಾಗ ನಮ್ಮತ್ತೆ ಕೇಳಿದ್ದು ಇದನ್ನು. ಹುರುಳಿಕಾಯಿ ನಾರು ತೆಗೆಯುತ್ತಾ, ತಲೆ ಎತ್ತದೆಯೇ ಕೇಳಿದ್ದರು. ನಾನು ಫಿಸಿಯೋಥೆರಪಿಸ್ಟ್. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಆಗಲೇ ಹದಿನಾರು ವರ್ಷದಿಂದ ಕೆಲಸದಲ್ಲಿದ್ದೆ. ವಾರ್ಡಿನಲ್ಲಿ ಕೆಲವರಿಗೆ ನಾನು ಡಾಕ್ಟ್ರಮ್ಮ, ಕೆಲವರಿಗೆ ಎಕ್ಸರ್‌ಸೈಜ್ ಮೇಡಂ, ನೋವಾದ ದಿನ ಅಜ್ಜಿಯರಿಗೆ ಬರೀ 'ಆ ಕೈ ತಿರುಚೋಳು'.

"ಒಂದು ವಿಷಯ ಗೊತ್ತಾಗ್ಬೇಕಿದೆ ಅತ್ತೆ" ಅಂದೆ.

"ಹದಿನಾರು ವರ್ಷದಲ್ಲಿ ಗೊತ್ತಾಗದೇ ಇರೋದು ಅದೇನಪ್ಪಾ ಅಂಥಾದ್ದು?"

ಉತ್ತರ ಹೇಳಲಿಲ್ಲ. ಹೇಳಿದ್ದರೆ ನಾಚಿಕೆ ಆಗುತ್ತಿತ್ತು. ಯಾಕೆಂದರೆ ನಾನು ಹದಿನಾರು ವರ್ಷದಿಂದ ದಿನಾ ಜನರಿಗೆ ಹೇಳುತ್ತಿದ್ದ ಒಂದು ಮಾತು ನಿಜವೋ ಸುಳ್ಳೋ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ನಮ್ಮ ಕಡೆ ಲಕ್ವ ಅನ್ನುತ್ತಾರೆ, ಪುಸ್ತಕದಲ್ಲಿ ಪಾರ್ಶ್ವವಾಯು, ಈಗ ಹಳ್ಳಿಯಲ್ಲೂ 'ಸ್ಟ್ರೋಕ್ ಆಯ್ತು' ಅನ್ನುವ ಮಾತೇ ಓಡಾಡುತ್ತದೆ. ಮೆದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆಗುವ ಕಾಯಿಲೆ. (ಬಾಯಿ ಸೊಟ್ಟಗಾಯಿತು, ಒಂದು ಕೈ ಎತ್ತಲು ಆಗುತ್ತಿಲ್ಲ, ಮಾತು ತೊದಲುತ್ತಿದೆ, ಈ ಮೂರರಲ್ಲಿ ಒಂದು ಹಠಾತ್ತನೆ ಕಂಡರೂ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಮೊದಲ ನಾಲ್ಕೂವರೆ ಗಂಟೆಯೊಳಗೆ. ಪಾರಿವಾಳದ ರಕ್ತ ಹಚ್ಚಿಸಿಕೊಂಡು ಮೂರನೇ ದಿನ ಬಂದವರನ್ನು ನೋಡಿದ್ದೇನೆ. ಇದು ಈ ಲೇಖನದ ವಿಷಯವಲ್ಲ, ಆದರೂ ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.)

ಜೀವ ಉಳಿದ ಮೇಲೆ ನಮ್ಮ ಕೆಲಸ ಶುರು. ಕಾಲು ಸ್ವಲ್ಪ ಬಂದರೂ ಗೋಡೆ ಹಿಡಿದು ನಡೆದುಬಿಡಬಹುದು. ಕೈ ಹಾಗಲ್ಲ. ಗುಂಡಿ ಹಾಕಲು, ತುತ್ತು ಕಟ್ಟಲು, ಜೇಬಿನಿಂದ ಚಿಲ್ಲರೆ ತೆಗೆಯಲು ಐದೂ ಬೆರಳು ಒಟ್ಟಿಗೆ ಮಾತು ಕೇಳಬೇಕು. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ನಮ್ಮ ಜನರಿಗೆ ಸಿಗುವುದು ಆಸ್ಪತ್ರೆಯಲ್ಲಿ ಇರುವಷ್ಟು ದಿನ ಮಾತ್ರ. ಆಮೇಲೆ ಎಚ್.ಡಿ. ಕೋಟೆಯಿಂದಲೋ ತಿ. ನರಸೀಪುರದಿಂದಲೋ ಒಬ್ಬ ರೋಗಿ, ಜೊತೆಗೊಬ್ಬರು, ವಾರಕ್ಕೆ ಮೂರು ಸಲ ಬಂದು ಹೋಗುವುದೆಂದರೆ ಇಬ್ಬರ ಬಸ್ ಚಾರ್ಜು, ಒಬ್ಬರ ಕೂಲಿ ಹೋಯಿತು. ಹಾಗಾಗಿ ಡಿಸ್ಚಾರ್ಜ್ ದಿನ ನಾನು ಒಂದು ಹಾಳೆ ಕೊಡುತ್ತಿದ್ದೆ. ಅದರಲ್ಲಿ ಹತ್ತು ವ್ಯಾಯಾಮದ ಚಿತ್ರಗಳು. ಜೊತೆಗೊಂದು ಮಾತು: "ದಿನಾ ಮೂರು ಹೊತ್ತು ತಪ್ಪದೇ ಮಾಡಿ, ಮೂರು ತಿಂಗಳಲ್ಲಿ ಕೈ ಬರುತ್ತೆ."

ಆ ಮಾತೇ ಈಗ ಹೇಳಿದ್ದು.

ಒಬ್ಬರು ಅಜ್ಜ ಐದು ತಿಂಗಳ ನಂತರ ಬಂದರು. ಮುಷ್ಟಿ ಬಿಗಿದು ಎದೆಗೆ ಅಂಟಿಕೊಂಡಿತ್ತು. ಹಾಳೆ ಎಲ್ಲಿ ಅಂದೆ. ಮಗ ಚೀಲದಿಂದ ತೆಗೆದ. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ಒಂದು ಮಡಿಕೆ ಕೂಡ ಬಿದ್ದಿರಲಿಲ್ಲ. ನನ್ನ ಹಾಳೆಯನ್ನು ಅಷ್ಟು ಜೋಪಾನ ಮಾಡಿದ್ದರು, ಒಂದು ದಿನವೂ ಬಿಚ್ಚಿರಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಹಾಳೆಯ ಬದಲು ಮನೆಯವರಿಗೇ ಸರಿಯಾಗಿ ಕಲಿಸಿ, ವಾರವಾರ ನಾನೇ ಫೋನ್ ಮಾಡಿ ಕೇಳಿದರೆ? ನಿಜವಾಗಿ ಕೈ ಬರುತ್ತಾ? ಇದೇ ನನ್ನ ಪಿಎಚ್.ಡಿ. ಪ್ರಶ್ನೆಯಾಯಿತು.

2018ರಲ್ಲಿ ರಿಜಿಸ್ಟರ್ ಆದೆ. ಪ್ರವೇಶ ಪರೀಕ್ಷೆ, ಕೋರ್ಸ್‌ವರ್ಕ್ ಇವುಗಳ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಮಗಳಿಗೆ ಎಸ್ಸೆಸ್ಸೆಲ್ಸಿ, ನನಗೆ ಸ್ಟ್ಯಾಟಿಸ್ಟಿಕ್ಸು. ಡೈನಿಂಗ್ ಟೇಬಲಿನ ಆ ಕಡೆ ಅವಳು, ಈ ಕಡೆ ನಾನು. ಲೆಕ್ಕದಲ್ಲಿ ಅವಳೇ ವಾಸಿ. ಡ್ಯೂಟಿ ಬಿಟ್ಟು ಓದಲು ರಜೆ ಸಿಗಲಿಲ್ಲ, ಬೆಳಿಗ್ಗೆ ನಾಲ್ಕೂವರೆಯಿಂದ ಆರೂವರೆ ನನ್ನ ಹೊತ್ತು. ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಹೆಣ್ಣುಮಕ್ಕಳಿಗೆ ಬೇಕಾದರೆ ಇನ್ನೆರಡು ವರ್ಷ ಅನ್ನುತ್ತದೆ ಯು.ಜಿ.ಸಿ. ನಿಯಮ. ಮೂರೇ ವರ್ಷಕ್ಕೆ ಮುಗಿಸುತ್ತೇನೆ ಅಂದುಕೊಂಡಿದ್ದೆ. ಆರು ಹಿಡಿಯಿತು.

ಸಮಿತಿಯ ಮುಂದೆ ವಿಷಯ ಮಂಡಿಸಿದ ದಿನವೇ ಒಬ್ಬರು ಹಿರಿಯರು ಕೇಳಿದರು: "ಅಟೆಂಡ್ ಟ್ರಯಲ್ ಓದಿದ್ದೀರಾ?" ಓದಿದ್ದೆ. ನಮ್ಮ ದೇಶದ್ದೇ 14 ಆಸ್ಪತ್ರೆಗಳಲ್ಲಿ 1250 ಜನ ಸ್ಟ್ರೋಕ್ ರೋಗಿಗಳ ಮೇಲೆ ನಡೆದ ಅಧ್ಯಯನ, 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ಮನೆಯವರಿಗೆ ತರಬೇತಿ ಕೊಟ್ಟರೆ ಆರು ತಿಂಗಳಲ್ಲಿ ಸಾವು ಅಥವಾ ಪರಾವಲಂಬನೆ ಕಡಿಮೆಯಾಗುತ್ತದೆಯೇ ಅನ್ನುವುದು ಪ್ರಶ್ನೆ. ತರಬೇತಿ ಕೊಟ್ಟ ಗುಂಪಿನಲ್ಲೂ ಶೇಕಡಾ 47, ಕೊಡದ ಗುಂಪಿನಲ್ಲೂ ಶೇಕಡಾ 47. ಏನೇನೂ ವ್ಯತ್ಯಾಸವಿಲ್ಲ.

"ಅದು ಒಟ್ಟಾರೆ ಸ್ಥಿತಿ ನೋಡಿದ್ದು ಸರ್. ನಾನು ಬರೀ ಕೈ ನೋಡ್ತೀನಿ, ಪ್ರತಿ ವಾರ ಫೋನ್ ಮಾಡ್ತೀನಿ" ಅಂದೆ. ವಾದವೇನೋ ಸರಿಯಾಗಿಯೇ ಇತ್ತು. ಆದರೆ ಒಳಗೆ ಇದ್ದದ್ದು ವಾದವಲ್ಲ, ಹಠ. ಬೇರೆಯವರು ಮಾಡಿದ್ದಕ್ಕೆ ಆಗಿಲ್ಲ, ನಾನು ಮಾಡಿದರೆ ಆಗುತ್ತದೆ ಅನ್ನುವ ಹಠ. ಹದಿನಾರು ವರ್ಷ ರೋಗಿಗಳ ಕೈ ಹಿಡಿದವಳಿಗೆ ಅಷ್ಟು ಜಂಬ ಇರುತ್ತದೆ.

ಚೀಟಿ ಎತ್ತಿದ ಹಾಗೆ

ಎಥಿಕ್ಸ್ ಕಮಿಟಿಗೆ ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಬೇಕು. ಇಂಗ್ಲಿಷಿನಿಂದ ಒಬ್ಬರು ಕನ್ನಡಕ್ಕೆ ಮಾಡಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ಮಾಡಬೇಕು, ಎರಡೂ ಹೊಂದಬೇಕು. ನನ್ನ ಮೊದಲ ಕರಡಿನಲ್ಲಿ 'ಯಾದೃಚ್ಛಿಕ ಹಂಚಿಕೆ' ಅಂತ ಇತ್ತು. ನಮ್ಮ ವಾರ್ಡಿನ ಆಯಾಗೆ ಓದಿ ಹೇಳಿದೆ. "ಅದೇನ್ ಮೇಡಂ, ಆಪರೇಸನ್ನಾ?" ಅಂದಳು. ಅವಳೇ ಆಮೇಲೆ ದಾರಿ ತೋರಿಸಿದ್ದು. "ಚೀಟಿ ಫಂಡಲ್ಲಿ ಚೀಟಿ ಎತ್ತಲ್ವಾ, ಹಂಗೆ ಅನ್ನಿ." ಹಾಗೇ ಬರೆದೆ: ನಿಮ್ಮನ್ನು ಯಾವ ಗುಂಪಿಗೆ ಹಾಕಬೇಕು ಅನ್ನುವುದನ್ನು ಡಾಕ್ಟರೂ ತೀರ್ಮಾನ ಮಾಡುವುದಿಲ್ಲ, ನೀವೂ ಮಾಡುವುದಿಲ್ಲ, ಚೀಟಿ ಎತ್ತಿದ ಹಾಗೆ ಕವರಿನಲ್ಲಿ ಬಂದದ್ದು.

ಕವರಿನ ಪದ್ಧತಿ ಹಳೆಯದು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೆಲಸ ಮಾಡುತ್ತದೆಯೇ ಅಂತ ಬ್ರಿಟನ್ನಿನಲ್ಲಿ ನೋಡಿದಾಗ, 1948ರಲ್ಲಿ ಪ್ರಕಟವಾದ ಆ ಪ್ರಸಿದ್ಧ ಅಧ್ಯಯನದಲ್ಲೇ ಬ್ರ್ಯಾಡ್‌ಫರ್ಡ್ ಹಿಲ್ ಅನ್ನುವ ಲೆಕ್ಕಶಾಸ್ತ್ರಜ್ಞರು ಮುಚ್ಚಿದ ಕವರ್ ಬಳಸಿದ್ದರು. ಯಾಕೆ ಅಂದರೆ ವೈದ್ಯರನ್ನು ನಂಬುವ ಹಾಗಿಲ್ಲ! ಗುಣವಾಗುವ ಲಕ್ಷಣ ಇರುವವರನ್ನೇ ಗೊತ್ತಿಲ್ಲದಂತೆ ಹೊಸ ಔಷಧಿಯ ಕಡೆಗೆ ತಳ್ಳಿಬಿಡುತ್ತೇವೆ. ಪುಸ್ತಕದಲ್ಲಿ ಇದನ್ನು ಓದಿದಾಗ ಸ್ವಲ್ಪ ಕೋಪ ಬಂದಿತ್ತು. ಮೊದಲ ಕವರ್ ಕೈಯಲ್ಲಿ ಹಿಡಿದ ದಿನ ಅರ್ಥವಾಯಿತು.

ಎರಡು ಗುಂಪು. ಎರಡಕ್ಕೂ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ, ಚಿತ್ರದ ಪುಸ್ತಕ, ಬೇಕೆಂದಾಗ ಓ.ಪಿ.ಡಿ.ಗೆ ಬರುವ ಅವಕಾಶ. ಒಂದು ಗುಂಪಿಗೆ ಇವುಗಳ ಮೇಲೆ ಮನೆಯವರಿಗೆ ತರಬೇತಿ ಮತ್ತು ಹನ್ನೆರಡು ವಾರ ನನ್ನ ಫೋನು. ನಂಬರ್ ಹಾಕಿದ ಕವರುಗಳು ನಮ್ಮ ಸಿಸ್ಟರ್ ಒಬ್ಬರ ಬೀರುವಿನಲ್ಲಿ ಇರುತ್ತಿದ್ದವು. ಒಳಗೇನಿದೆ ಅಂತ ನನಗೂ ಗೊತ್ತಿಲ್ಲ.

ನಂಜನಗೂಡು ಕಡೆಯ ಒಬ್ಬರು ಯಜಮಾನರು, ಐವತ್ತೆಂಟು ವಯಸ್ಸು, ಬಲಗಡೆ ಲಕ್ವ. ಹೆಂಡತಿ ಪಕ್ಕ ಬಿಟ್ಟು ಕದಲಿದವರಲ್ಲ. ಒಪ್ಪಿಗೆ ಪತ್ರಕ್ಕೆ ರುಜು ಬೇಕು, ರುಜು ಹಾಕುವ ಕೈಯೇ ಬಿದ್ದುಹೋಗಿದೆ. ಎಡಗೈ ಹೆಬ್ಬೆಟ್ಟು ಒತ್ತಿಸಿದೆವು, ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬರು ಸಾಕ್ಷಿ ಹಾಕಿದರು. ಇಪ್ಪತ್ತು ನಿಮಿಷ ಓದಿ ಹೇಳಿದ್ದೆ. ಇದು ಸಂಶೋಧನೆ, ಚಿಕಿತ್ಸೆ ಅಲ್ಲ. ಬೇಡ ಅಂದರೂ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ. ಫೋನ್ ಮಾಡುವುದರಿಂದ ಉಪಯೋಗ ಆಗುತ್ತದೋ ಇಲ್ಲವೋ ನಮಗೇ ಗೊತ್ತಿಲ್ಲ.

ಎಲ್ಲಾ ಕೇಳಿಸಿಕೊಂಡ ಆಯಮ್ಮ ನನ್ನ ಕೈ ಹಿಡಿದು ಮೆಲ್ಲಗೆ ಅಂದರು: "ನಮ್ಮನ್ನ ಫೋನ್ ಮಾಡೋ ಗುಂಪ್ಗೇ ಹಾಕ್ಬುಡಿ ಡಾಕ್ಟ್ರಮ್ಮ. ನಿಮ್ ಕೈಲೇ ಅದೆ ಅಲ್ವಾ."

"ನನ್ನ ಕೈಲಿ ಇಲ್ಲ ಅಮ್ಮ. ಕವರಲ್ಲಿದೆ."

"ಹಂಗಾದ್ರೆ ಇಲ್ಲಿ ಕೊಡಿ, ನಾನೇ ಒಡೀತೀನಿ."

ಸಿಸ್ಟರ್ ನನ್ನ ಮುಖ ನೋಡಿದರು. ಯಾರು ಒಡೆದರೇನು, ಒಳಗಿರುವುದು ಬದಲಾಗುವುದಿಲ್ಲ ಅಂದುಕೊಂಡು ಕೊಡಿ ಅಂದೆ. ಆಯಮ್ಮ ಕವರನ್ನು ಕಣ್ಣಿಗೊತ್ತಿಕೊಂಡು ಹರಿದರು. ಒಳಗಿನ ಚೀಟಿಯಲ್ಲಿ 'ಬಿ' ಅಂತ ಇತ್ತು. ಫೋನಿಲ್ಲದ ಗುಂಪು.

ಇನ್ನು ಮೇಲೆ ಏನೇನು ಸಿಗುತ್ತದೆ ಅಂತ ನಾನು ವಿವರಿಸುತ್ತಲೇ ಇದ್ದೆ. ಆಯಮ್ಮ ಕೇಳಿಸಿಕೊಳ್ಳಲಿಲ್ಲ. ತಮ್ಮ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಇಷ್ಟು ವರ್ಷದಲ್ಲಿ ನಾನು ಯಾವ ರೋಗಿಗೂ ಗೊತ್ತಿದ್ದ ಒಂದನ್ನು ಕೊಡದೆ ಕಳಿಸಿದವಳಲ್ಲ. ಅವತ್ತು ಕಳಿಸಿದೆ. ಅದರಿಂದ ಉಪಯೋಗವಿದೆ ಅಂತ ಸಾಬೀತಾಗಿಲ್ಲ, ಆದ್ದರಿಂದ ನಾನು ಏನನ್ನೂ ತಡೆಹಿಡಿದ ಹಾಗಾಗಲಿಲ್ಲ ಅನ್ನುವುದು ಶಾಸ್ತ್ರ. ಶಾಸ್ತ್ರ ಸರಿ. ಆದರೆ ನನ್ನ ಮನಸ್ಸಿನಲ್ಲಿ ಅದು ಆಗಲೇ ಸಾಬೀತಾಗಿಬಿಟ್ಟಿತ್ತಲ್ಲ, ಅದಕ್ಕೇನು ಮಾಡುವುದು?

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಆಯಮ್ಮನಿಂದಲೇ ಫೋನ್ ಬಂತು. ವಾರ್ಡಿನಲ್ಲಿ ಯಾರನ್ನೋ ಕೇಳಿ ನನ್ನ ನಂಬರ್ ತಗೊಂಡಿದ್ದರು. "ತೋಳು ಎತ್ತೋಕೇ ಬಿಡ್ತಿಲ್ಲ ಡಾಕ್ಟ್ರಮ್ಮ, ರಾತ್ರಿಯೆಲ್ಲಾ ಅಳ್ತಾರೆ." ಕೇಳುತ್ತಾ ಹೋದರೆ, ಯಾರೋ ಹೇಳಿದರೆಂದು ತೊಲೆಗೆ ರಾಟೆ ಕಟ್ಟಿ, ಹಗ್ಗದಿಂದ ಬಿದ್ದ ಕೈಯನ್ನು ಮೇಲಕ್ಕೆ ಎಳೆಯುತ್ತಿದ್ದರು. ದಿನಾ ನೂರು ಸಲ. ಲಕ್ವ ಹೊಡೆದ ಭುಜದ ಸ್ನಾಯುಗಳು ಸಡಿಲವಾಗಿರುತ್ತವೆ, ಹಾಗೆ ಎಳೆದರೆ ಕೀಲಿಗೆ ಪೆಟ್ಟಾಗುತ್ತದೆ. ಎಷ್ಟೋ ಮನೆಗಳಲ್ಲಿ ಪ್ರೀತಿಯಿಂದಲೇ ಮಾಡುವ ತಪ್ಪು ಇದು.

ಫೋನ್ ಇಲ್ಲದ ಗುಂಪಿನವರಿಗೆ ನಾನು ಫೋನಿನಲ್ಲಿ ಸಲಹೆ ಕೊಟ್ಟರೆ ಅಧ್ಯಯನ ಕೆಡುತ್ತದೆ. ಅರ್ಧ ನಿಮಿಷ ಸುಮ್ಮನಿದ್ದೆ. ಆ ಅರ್ಧ ನಿಮಿಷ ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಆಮೇಲೆ, "ಹಗ್ಗ ಬಿಚ್ಚಿ ಹಾಕಿ. ಕೈ ಕೆಳಗೆ ದಿಂಬು ಇಡಿ. ನಾಳೆ ಬೆಳಿಗ್ಗೆ ಓ.ಪಿ.ಡಿ.ಗೆ ಕರ್ಕೊಂಡು ಬನ್ನಿ" ಅಂದೆ. ಸೋಮವಾರ ಗೈಡ್ ಹತ್ತಿರ ಹೋಗಿ ತಪ್ಪೊಪ್ಪಿಗೆಯ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು, "ನೀವು ಮಾಡಿದ್ದು ಸರಿ. ಆದ್ರೆ ಬರೆದಿಡಿ. ಎಷ್ಟು ಹೊತ್ತಿಗೆ, ಏನು ಹೇಳಿದ್ರಿ, ಎಲ್ಲಾ" ಅಂದರು. ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ಆ ಫೋನ್ ಕರೆ ಒಂದೂವರೆ ಸಾಲಿನಲ್ಲಿ ಇದೆ.

ಗೋಲಿ, ಕ್ರಿಕೆಟ್ ಚೆಂಡು, ಮುದ್ದೆ

ಕೈ ಎಷ್ಟು ಬಂತು ಅಂತ ಅಳೆಯುವುದು ಹೇಗೆ? 1981ರಿಂದ ಜಗತ್ತಿನಾದ್ಯಂತ ಬಳಸುವ ಒಂದು ಪರೀಕ್ಷೆ ಇದೆ, ಆ್ಯಕ್ಷನ್ ರಿಸರ್ಚ್ ಆರ್ಮ್ ಟೆಸ್ಟ್. 19 ಕೆಲಸಗಳು, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 57. ಮರದ ದಿಮ್ಮಿ ಎತ್ತಿ ಮೇಲಿಡಬೇಕು, ಕ್ರಿಕೆಟ್ ಚೆಂಡು ಹಿಡಿಯಬೇಕು, ಹೆಬ್ಬೆರಳು ಮತ್ತು ಇನ್ನೊಂದು ಬೆರಳಿನಲ್ಲಿ ಗೋಲಿ ಎತ್ತಬೇಕು, ಲೋಟದಿಂದ ಲೋಟಕ್ಕೆ ನೀರು ಹಾಕಬೇಕು, ಕೈಯನ್ನು ಬಾಯಿಗೆ ಒಯ್ಯಬೇಕು. ಅಳೆಯುವವರಿಗೆ ರೋಗಿ ಯಾವ ಗುಂಪಿನವರು ಅಂತ ಗೊತ್ತಿರಬಾರದು. ಹಾಗಾಗಿ ಅಳೆದದ್ದು ನಾನಲ್ಲ, ನನ್ನ ಸಹೋದ್ಯೋಗಿ. ರೋಗಿಗಳಿಗೆ ಗುಂಪಿನ ವಿಷಯ ಎತ್ತಬೇಡಿ ಅಂತ ಸಾರಿ ಸಾರಿ ಹೇಳಿ ಒಳಗೆ ಕಳಿಸುತ್ತಿದ್ದೆ. ಒಳಗೆ ಹೋಗಿ ಕೂತವರೇ, "ಮೇಡಂ ವಾರವಾರ ಫೋನ್ ಮಾಡ್ತಾರೆ ಸಾರ್, ದೇವ್ರಂಥೋರು!" ಸಹೋದ್ಯೋಗಿ ತಲೆ ಚಚ್ಚಿಕೊಂಡು ಹೊರಗೆ ಬರುತ್ತಿದ್ದರು. ಹಾಗೆ ಗುಟ್ಟು ರಟ್ಟಾದಾಗಲೆಲ್ಲ ಮತ್ತೊಬ್ಬರನ್ನು ಕರೆಸಿ ಅಳೆಸಬೇಕಾಯಿತು.

ಒಂದು ಸಲ ಗೋಲಿ ಎತ್ತಿ ಪೂರ್ತಿ ಮೂರು ಅಂಕ ಪಡೆದ ಒಬ್ಬರನ್ನು ಖುಷಿಯಿಂದ ಕೇಳಿದೆ, "ಈಗ ಊಟ ಬಲಗೈಲೇ ಮಾಡ್ತೀರಲ್ವಾ?"

"ಇಲ್ಲ. ಮುದ್ದೆ ಮುರಿಯೋಕಾಗಲ್ಲ."

ಬಿಸಿ ಮುದ್ದೆಯನ್ನು ಬೆರಳಿನಲ್ಲಿ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ನುಂಗುವುದು ಗೋಲಿ ಎತ್ತಿದಷ್ಟು ಸುಲಭವಲ್ಲ. ನನ್ನ 19 ಕೆಲಸಗಳಲ್ಲಿ ಅದಿಲ್ಲ. ಎಡಗೈಯಲ್ಲಿ ಉಣ್ಣಬೇಕಲ್ಲ ಅಂತ ಆ ಮನುಷ್ಯ ಅಣ್ಣನ ಮಗನ ಮದುವೆಗೇ ಹೋಗಿರಲಿಲ್ಲ. ಪಂಕ್ತಿಯಲ್ಲಿ ಕೂತು ಎಡಗೈ ಎಲೆಗೆ ಹಾಕುವುದು ಹೇಗೆ? ಮನೆಯಲ್ಲೂ ಎಲ್ಲರ ಊಟ ಆದ ಮೇಲೆ, ಗೋಡೆ ಕಡೆ ತಿರುಗಿ, ಚಮಚದಲ್ಲಿ ಅನ್ನ. ವರ್ಷಾನುಗಟ್ಟಲೆ ಲಕ್ವದವರ ಕೈ ನೋಡಿದ ನಾನು ಈ ಪ್ರಶ್ನೆಯನ್ನು ಅದುವರೆಗೆ ಒಬ್ಬರಿಗೂ ಕೇಳಿರಲಿಲ್ಲ. ಅವತ್ತಿನಿಂದ ಲಾಗ್‌ಬುಕ್ಕಿನ ಅಂಚಿನಲ್ಲಿ ಅಂಕದ ಪಕ್ಕ ಇನ್ನೊಂದು ಕಾಲಂ ಗೀಚಿದೆ: ಊಟ ಯಾವ ಕೈ, ಎಲ್ಲಿ ಕೂತು, ಯಾರ ಜೊತೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್. ಬಸ್ಸೇ ಇಲ್ಲ, ಅಳತೆಗೆ ಯಾರು ಬರುತ್ತಾರೆ? ನಮ್ಮ ವಿಭಾಗದವರನ್ನೆಲ್ಲ ಕೋವಿಡ್ ಡ್ಯೂಟಿಗೆ ಹಾಕಿದರು. ಪಿ.ಪಿ.ಇ. ಕಿಟ್ ಬಿಚ್ಚಿ, ಸ್ನಾನ ಮಾಡಿ, ಮಹಡಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಕೂತು ನನ್ನ ಫೋನಿನ ಗುಂಪಿಗೆ ಕರೆ ಮಾಡುತ್ತಿದ್ದೆ. ವ್ಯಾಯಾಮದ ಮಾತು ಎರಡು ನಿಮಿಷ, ಉಳಿದದ್ದು ಬಿ.ಪಿ. ಮಾತ್ರೆ ಸಿಗುತ್ತಿಲ್ಲ, ಮಗ ಬೆಂಗಳೂರಿಂದ ನಡೆದುಕೊಂಡು ಬರುತ್ತಿದ್ದಾನೆ. ಒಬ್ಬಾಕೆ ನನ್ನನ್ನೇ ಕೇಳಿದರು, "ನೀವು ಊಟ ಮಾಡಿದ್ರಾ ತಾಯಿ?" ಒಂದಷ್ಟು ಅಳತೆಗಳು ಕೈತಪ್ಪಿದವು, ಹೊಸಬರನ್ನು ಸೇರಿಸಿಕೊಳ್ಳುವುದು ತಿಂಗಳುಗಟ್ಟಲೆ ನಿಂತಿತು. ಅಳತೆಯ ಕೆಲಸ ಮುಗಿಯುವ ಹೊತ್ತಿಗೆ 2022.

ಅಂಕಿ ಹೇಳಿದ್ದು

ಎಲ್ಲಾ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಕೊನೆಯ ಗುಂಡಿ ಒತ್ತಿದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಎರಡೂ ಗುಂಪಿನ ಕೈ ಸುಧಾರಿಸಿತ್ತು. ಹೆಚ್ಚೂಕಡಿಮೆ ಒಂದೇ ಸಮನಾಗಿ. ಗುಂಪುಗಳ ನಡುವಿನ ಅಂತರ ಆಕಸ್ಮಿಕ ಅನ್ನಬಹುದಾದಷ್ಟು ಸಣ್ಣದು. ಸಾಲು ತಪ್ಪಿರಬಹುದು ಅಂತ ಮತ್ತೆ ಒತ್ತಿದೆ. ಮತ್ತೆ ಅದೇ.

ಸಾವಿರಾರು ಫೋನ್ ನಿಮಿಷಗಳು. ಹಬ್ಬದ ದಿನ, ಜ್ವರದ ದಿನ, ಮಗಳ ಪಿ.ಯು. ರಿಸಲ್ಟ್ ದಿನ ಕೂಡ ಮಾಡಿದ ಫೋನುಗಳು. ಅಡುಗೆಮನೆಗೆ ಹೋಗಿ ದೀಪ ಹಾಕದೆ ನಿಂತೆ. ನಮ್ಮತ್ತೆ ನೀರಿಗೆ ಎದ್ದು ಬಂದವರು ಹೆದರಿಕೊಂಡರು. "ಏನಾಯ್ತೇ?" "ಆಗಲಿಲ್ಲ ಅತ್ತೆ" ಅಂದೆ. ಅವರಿಗೆ ಏನು ಅರ್ಥವಾಯಿತೋ, "ಹೋಗ್ಲಿ ಬಿಡು, ಮುಂದಿನ ಸಲ ಪಾಸಾಗ್ತೀಯ" ಅಂದರು.

ಆಸೆ ತೋರಿಸುವವರು ಆಗಲೇ ಬರುತ್ತಾರೆ. ಮುಖ್ಯ ಅಳತೆಯ ಜೊತೆ ಒಂದು ಪ್ರಶ್ನಾವಳಿಯೂ ಇತ್ತು. ದಿನದಲ್ಲಿ ಕೈ ಎಷ್ಟು ಬಳಸುತ್ತೀರಿ ಅಂತ ರೋಗಿಯೇ ಹೇಳುವುದು. ಅದರಲ್ಲಿ ಫೋನಿನ ಗುಂಪು ಮುಂದಿತ್ತು. ಪರಿಚಯದವರೊಬ್ಬರು, "ಅದನ್ನೇ ಮೇನ್ ಅಂತ ಬರೀರಿ, ಇದನ್ನ ಕೆಳಗೆ ಹಾಕಿ. ಎಲ್ರೂ ಮಾಡ್ತಾರೆ" ಅಂದರು. ಎರಡು ದಿನ ನಾನೂ ಆ ಯೋಚನೆ ಮಾಡಿದೆ, ಸುಳ್ಳು ಹೇಳುವುದಿಲ್ಲ.

ತಡೆದದ್ದು ಎರಡು. ಒಂದು, ನಮ್ಮ ದೇಶದಲ್ಲಿ ಇಂಥ ಅಧ್ಯಯನವನ್ನು ಮೊದಲ ರೋಗಿ ಸೇರುವ ಮುಂಚೆಯೇ ಸಿ.ಟಿ.ಆರ್.ಐ. ಅನ್ನುವ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸಬೇಕು. ನಾನು ಏನನ್ನು ಮುಖ್ಯವಾಗಿ ಅಳೆಯುತ್ತೇನೆ ಅಂತ ನನ್ನದೇ ಹೆಸರಿನಲ್ಲಿ ಅಲ್ಲಿದೆ, ಯಾರು ಬೇಕಾದರೂ ನೋಡಬಹುದು. ಇನ್ನೊಂದು ಗೈಡ್ ಕೇಳಿದ ಮಾತು: "ಪ್ರತಿ ವಾರ ಫೋನ್ ಮಾಡಿ ವಿಚಾರಿಸೋ ಮೇಡಂಗೆ, ಕೈ ಬಳಸ್ತಿಲ್ಲ ಅಂತ ಹೇಳೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ?" ಅವರು ನನ್ನ ಪ್ರೀತಿಗೆ ಅಂಕ ಕೊಟ್ಟಿದ್ದರು, ಕೈಗಲ್ಲ.

ಇನ್ನೊಂದು ಅಧ್ಯಯನದ ಕತೆಯನ್ನೂ ಅವರೇ ನೆನಪಿಸಿದರು. ಸ್ಟ್ರೋಕ್ ಆದವರನ್ನು ಮೊದಲ 24 ಗಂಟೆಯಲ್ಲೇ ಎಬ್ಬಿಸಿ ಹೆಚ್ಚು ಹೆಚ್ಚು ಓಡಾಡಿಸಿದರೆ ಒಳ್ಳೆಯದು ಅಂತ ನಾವೆಲ್ಲ ನಂಬಿದ್ದ ಕಾಲವಿತ್ತು. 5 ದೇಶಗಳ 2104 ಜನರ ಮೇಲೆ ನೋಡಿ 2015ರಲ್ಲಿ ಪ್ರಕಟಿಸಿದರು, ಅವರ್ಟ್ ಅಂತ ಹೆಸರು. ಹಾಗೆ ಆತುರವಾಗಿ, ಜಾಸ್ತಿಯಾಗಿ ಎಬ್ಬಿಸಿದವರ ಸ್ಥಿತಿ ಮೂರು ತಿಂಗಳ ಮೇಲೆ ಸ್ವಲ್ಪ ಕಡಿಮೆಯೇ ಚೆನ್ನಾಗಿತ್ತು. ಅಷ್ಟು ದೊಡ್ಡವರು ಅದನ್ನು ಹಾಗೇ ಬರೆದರು. ನಾನೂ ಹಾಗೇ ಬರೆದೆ.

ಬರೆಯಲು ಕೂತಾಗ ಹಳೆಯ ಲಾಗ್‌ಬುಕ್ಕುಗಳನ್ನು ಮೊದಲಿನಿಂದ ಓದಿದೆ. ಅಂಕಿಗಳಿಗಿಂತ ಅಲ್ಲಿ ಹೆಚ್ಚು ಇತ್ತು. ನಾನು ಫೋನ್ ಮಾಡುತ್ತಿದ್ದದ್ದು ಸಂಜೆ ಐದಕ್ಕೆ, ಮನೆಗೆ ಇದ್ದದ್ದು ಒಂದೇ ಫೋನು, ಅದು ಮಗನ ಜೇಬಿನಲ್ಲಿ, ಮಗ ಗಾರೆ ಕೆಲಸದಲ್ಲಿ. "ಹ್ಞೂಂ ಮೇಡಂ, ಮಾಡಿಸ್ತಾ ಇದೀವಿ" ಅನ್ನುತ್ತಿದ್ದವನು ಮಧ್ಯಾಹ್ನ ಅಪ್ಪನನ್ನು ನೋಡಿದವನೇ ಅಲ್ಲ. ಆಸ್ಪತ್ರೆಯಲ್ಲಿ ತರಬೇತಿ ಪಡೆದ ಮಗಳು ವಾರಕ್ಕೆ ಗಂಡನ ಮನೆಗೆ ಹೋದಳು, ನೋಡಿಕೊಂಡದ್ದು ಸೊಸೆ, ಅವಳಿಗೆ ನಾನು ಏನನ್ನೂ ಕಲಿಸಿರಲಿಲ್ಲ. ಗಂಡಸರಿಗೆ ಲಕ್ವವಾದ ಮನೆಯಲ್ಲಿ ಹೆಂಡತಿ ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು. ಹೆಂಗಸರಿಗೆ ಆದ ಮನೆಗಳಲ್ಲಿ, "ಅವಳೇ ಮಾಡ್ಕೋತಾಳೆ ಬಿಡಿ." ಅವರು ಮಾಡಿಕೊಳ್ಳುತ್ತಿದ್ದದ್ದು ವ್ಯಾಯಾಮವಲ್ಲ, ಒಂದೇ ಕೈಯಲ್ಲಿ ಅಡುಗೆ.

ಈಗ ನಾನು ಹತ್ತು ಚಿತ್ರದ ಹಾಳೆ ಕೊಡುವುದಿಲ್ಲ. ಎರಡೇ ಹೇಳಿಕೊಡುತ್ತೇನೆ. ಅದಕ್ಕೂ ಮುಂಚೆ, ಮಧ್ಯಾಹ್ನ ಮನೇಲಿ ಯಾರಿರ್ತಾರೆ, ಫೋನ್ ಯಾರ ಹತ್ರ ಇರುತ್ತೆ, ಊಟ ಹೇಗೆ ಮಾಡ್ತಾರೆ ಅಂತ ಕೇಳುತ್ತೇನೆ. ಮುದ್ದೆ ಮುರಿಯುವುದು ದೂರದ ಮಾತಾದರೆ, ಎಡಗೈ ಉಣ್ಣುವಾಗ ಬಿದ್ದ ಕೈ ತಟ್ಟೆಯನ್ನು ಒತ್ತಿ ಹಿಡಿಯಲಿ, ಅಲ್ಲಿಂದ ಶುರು. 'ಮೂರು ತಿಂಗಳಲ್ಲಿ ಕೈ ಬರುತ್ತೆ' ಅನ್ನುವ ಮಾತು ಬಾಯಿಂದ ಹೊರಡುವುದಿಲ್ಲ. "ಎಷ್ಟು ಬರುತ್ತೆ ಅಂತ ಈಗ್ಲೇ ಹೇಳೋಕಾಗಲ್ಲ, ನೋಡ್ತಾ ಹೋಗೋಣ" ಅನ್ನುತ್ತೇನೆ. ಇದರಿಂದ ಲಾಭವೇನೂ ಆಗಿಲ್ಲ. ಕೆಲವರು ಬೇಸರಪಟ್ಟು, ಖಂಡಿತ ವಾಸಿ ಮಾಡುತ್ತೇನೆ ಅನ್ನುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆನೇನೋ.

2024ರಲ್ಲಿ ವೈವಾ ಆಯಿತು. ಹೊರಗಿನಿಂದ ಬಂದ ಪರೀಕ್ಷಕರು ಒಂದೂವರೆ ಗಂಟೆ ಹಿಂಡಿ, ಕೊನೆಗೆ ಮುದ್ದೆಯ ಕಾಲಂ ಬಗ್ಗೆ ಅರ್ಧ ಗಂಟೆ ಕೇಳಿದರು. ಪ್ರಬಂಧ ಶೋಧಗಂಗಾದಲ್ಲಿ ಸೇರಿತು. ಮನೆಯ ಬಾಗಿಲಿಗೆ ಹೊಸ ಬೋರ್ಡು ಹಾಕಿಸೋಣ ಅಂದರು ಯಜಮಾನರು, ನಾನೇ ಬೇಡ ಅಂದೆ. ನಮ್ಮತ್ತೆ ಮಾತ್ರ ಬೀದಿಗೆಲ್ಲ ಲಾಡು ಹಂಚಿದರು.

ಒಂದು ಕೆಲಸ ಬಾಕಿ ಇತ್ತು. ಅಧ್ಯಯನದಲ್ಲಿ ಇದ್ದವರಿಗೆ ಫಲಿತಾಂಶ ತಿಳಿಸುತ್ತೇವೆ ಅಂತ ಒಪ್ಪಿಗೆ ಪತ್ರದಲ್ಲಿ ನಾನೇ ಬರೆದಿದ್ದೆ. ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಹೋದೆ. ಕೆಲವು ನಂಬರ್ ಇಲ್ಲ, ಕೆಲವರು ಇಲ್ಲ. ನಂಜನಗೂಡಿನ ಆಯಮ್ಮ, "ಹೆಂಗೂ ಚೆಕಪ್‌ಗೆ ಬರ್ತೀವಿ, ಎದುರಿಗೇ ಹೇಳಿ" ಅಂದರು.

ಬಂದರು. ಯಜಮಾನರು ಕೋಲು ಹಿಡಿದು ನಡೆಯುತ್ತಿದ್ದರು. ಬಲಗೈ ಪೂರ್ತಿ ಬಂದಿಲ್ಲ, ಬಸ್ ಟಿಕೆಟ್ಟನ್ನು ಎರಡು ಬೆರಳ ನಡುವೆ ಹಿಡಿದುಕೊಳ್ಳುವಷ್ಟು ಬಂದಿದೆ. ಊಟ ಎಡಗೈಯಲ್ಲೇ. ಕೂರಿಸಿ, ಎರಡು ಗುಂಪಿನ ವಿಷಯ ನೆನಪಿಸಿ, ಏನು ಗೊತ್ತಾಯಿತು ಅಂತ ನಿಧಾನವಾಗಿ ಹೇಳಿದೆ.

ಆಯಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಫೋನ್ ಬಂದೋರ್ಗೂ ನಮ್ಗೂ ಒಂದೇನಾ?" ಅಂದರು.

"ಒಂದೇ ಅಮ್ಮ."

"ಸರಿಯಾಗಿ ನೋಡಿದ್ದೀರಾ?"

"ಎರಡೆರಡು ಸಲ ನೋಡಿದೆ."

"ನಾನು ಆ ಕವರ್ ಒಡೀದೇ ಇದ್ದಿದ್ರೆ, ನೀವೇ ಒಡ್ದಿದ್ರೆ ಇವ್ರ ಕೈ ಬಂದ್ಬುಡ್ತಿತ್ತೇನೋ ಅಂತ..." ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಐದು ವರ್ಷ ಆಯ್ತು. ಇವ್ರು ಊಟಕ್ ಕೂತಾಗೆಲ್ಲಾ ನನ್ ಕೈಯೇ ನೋಡ್ಕೋತಿದ್ದೆ."

ಯಜಮಾನರು ಅವರ ಕಡೆ ತಿರುಗಿ, ತೊದಲುತ್ತಲೇ, "ನಂಗ್ಯಾಕ್ ಹೇಳ್ಲಿಲ್ಲ?" ಅಂದರು.

ಆಯಮ್ಮ ಅದಕ್ಕೆ ಉತ್ತರ ಕೊಡಲಿಲ್ಲ. ಮೂಗು ಒರೆಸಿಕೊಂಡು, ಸೀರೆ ಸ್ವಲ್ಪ ಮೇಲೆತ್ತಿ, ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡು ಕೂತರು.

"ಅದಿರ್ಲಿ. ಈ ಮಂಡಿ ಒಂಚೂರು ನೋಡಿ ಡಾಕ್ಟ್ರಮ್ಮ. ಮೆಟ್ಟಿಲು ಹತ್ತೋಕೇ ಬಿಡ್ತಿಲ್ಲ."